ಶಿಶುವಿಹಾರ ಬಿಡುವ ಮಕ್ಕಳಿಗೆ ಕೈಯಾರೆ ಮಾಡಿದ ಕಾಣಿಕೆ

ಕಾಫಿ ತೋಟಗಳಿಗೆ ಹೂಮಳೆ ಬಿದ್ದು, ಎಂಟು ಹತ್ತು ದಿನಗಳಲ್ಲಿ ಗಿಡಗಳೆಲ್ಲ ಮಲ್ಲಿಗೆ ಮುಡಿದಂತೆ ಬೆಳ್ಳಗಾಗಿ, ಮೂರು ನಾಲ್ಕು ದಿನ ಘಮಘಮಿಸಿ ಮತ್ತೆ ಕಂದಿಹೋಗುವುದನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ವಾಚಕರು ವರುಷವರುಷವೂ ನೋಡತಕ್ಕವರೇ. ಸುಮಾರಾಗಿ ಅದೇ ದಿನಗಳಲ್ಲಿ ನಮ್ಮ ಅಂಗನವಾಡಿಗಳಲ್ಲಿಯೂ ಶಿಶುವಿಹಾರಗಳಲ್ಲಿಯೂ ಮತ್ತೊಂದು ಬಗೆಯ ಸಡಗರವು ತಲೆದೋರುವುದು. ಶಾಲೆಯ ವಯಸ್ಸಿಗೆ ಬಂದ ಮಕ್ಕಳು ಮಳೆಗಾಲದ ಮೊದಲಲ್ಲಿ ದೊಡ್ಡ ಶಾಲೆಗೆ ಸೇರತಕ್ಕವರು. ಎರಡು ಮೂರು ವರುಷ ತಮ್ಮ ಸೆರಗು ಹಿಡಿದು ಬೆಳೆದ ಮಕ್ಕಳನ್ನು ಬರಿಗೈಯಲ್ಲಿ ಕಳುಹಿಸಲು ಅಲ್ಲಿಯ ಹೆಣ್ಣುಮಕ್ಕಳಿಗೆ ಮನಸ್ಸು ಬಾರದು. ಏನನ್ನು ಕೊಡಬೇಕು? ಯಾರು ಮಾಡಬೇಕು? ಎಷ್ಟು ವೆಚ್ಚವಾದೀತು? ಈ ಚಿಂತೆಯು ಅವರದು ಮಾತ್ರವಲ್ಲ, ಮಕ್ಕಳಿರುವ ಮನೆಗಳದೂ ಆಗಿರುವುದರಿಂದ ಈ ಸಂಚಿಕೆಯಲ್ಲಿ ಈ ಚಿಕ್ಕ ವಿಷಯವನ್ನು ಎತ್ತಿಕೊಂಡಿದ್ದೇವೆ.

ಪೇಟೆಯ ಕೆಲವು ಶಾಲೆಗಳಲ್ಲಿ ಇದಕ್ಕಾಗಿ ದೊಡ್ಡ ಸಮಾರಂಭವನ್ನೇ ಏರ್ಪಡಿಸುವರು. ಕೂಸುಗಳಿಗೆ ಕರಿಯ ನಿಲುವಂಗಿಯನ್ನು ತೊಡಿಸಿ, ತಲೆಗೆ ಚೌಕನೆಯ ಟೊಪ್ಪಿಗೆಯನ್ನಿಟ್ಟು, ಕೈಗೆ ಸುರುಳಿ ಸುತ್ತಿದ ಪ್ರಶಸ್ತಿಪತ್ರವನ್ನೂ ಪ್ಲಾಸ್ಟಿಕ್ಕಿನ ಬಟ್ಟಲೊಂದನ್ನೂ ಕೊಟ್ಟು ಚಿತ್ರ ತೆಗೆಸುವರು. ಇನ್ನೂ ಮೂಗೊರಸಿಕೊಳ್ಳಲು ಬಾರದ ಈ ಪದವೀಧರರನ್ನು ಕಂಡು ನಗು ಬರುವುದು ಸಹಜವೇ; ತಾಯಿತಂದೆಗಳ ಸಂತೋಷಕ್ಕೆ ನಾವು ಕಲ್ಲು ಹಾಕತಕ್ಕವರಲ್ಲ. ಆದರೆ ಆ ಬಟ್ಟಲಿನ ಗತಿಯೇನಾಯಿತೆಂದು ಆರು ತಿಂಗಳಾದ ಬಳಿಕ ನಾಲ್ಕಾರು ಪರಿಚಿತರ ಮನೆಗಳಲ್ಲಿ ವಿಚಾರಿಸಿದೆವು. ಒಂದು ಮನೆಯಲ್ಲಿ ಮಾತ್ರ ಅದು ಇದ್ದಿತು. ಅದರಲ್ಲಿ ಬೆಂಕಿಪೆಟ್ಟಿಗೆಗಳನ್ನು ಇಟ್ಟಿದ್ದರು.

ಅಂಗನವಾಡಿಯೆಂಬ ಹೆಸರನ್ನೇ ಸ್ವಲ್ಪ ನೋಡೋಣ. ಸಂಸ್ಕೃತದಲ್ಲಿ ಅಂಗಣ, ಅಂಗನ ಎಂದರೆ ನಮ್ಮ ಅಂಗಳವೇ. ವಾಟಿ ಎಂದರೆ ಬೇಲಿ ಹಾಕಿದ ತೋಟ. ಜರ್ಮನಿಯ ಫ್ರೋಬೆಲನು 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳ ಶಾಲೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಅವನು ಮಕ್ಕಳ ಕೈಗೆ ಕೊಡುತ್ತಿದ್ದ ಆಟದ ಸಾಮಾನುಗಳಿಗೆ ಆಟಿಕೆಗಳೆನ್ನದೆ ‘ಕಾಣಿಕೆಗಳು’ ಎಂದೇ ಕರೆದನೆಂಬುದು ಪ್ರಕೃತ ವಿಷಯಕ್ಕೆ ಸೊಗಸಾಗಿ ಒದಗುವ ಮಾತು. ಅವುಗಳಲ್ಲಿ ಮೊದಲನೆಯದು ಯಾವುದು ಬಲ್ಲಿರಾ? ಆರು ಬಣ್ಣಗಳ ಆರು ನೂಲಿನ ಚೆಂಡುಗಳು, ಅಷ್ಟೇ. ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯು ಊರೂರಿನ ಅಂಗಳವಾಗಿದೆ. ‘ಚಿಲಿಪಿಲಿ’ಯೆಂಬ ಪಾಠಕ್ರಮವನ್ನು ಹಿಡಿದು ಹಾಡು, ಕಥೆ, ಬಣ್ಣ, ಎಣಿಕೆಗಳಲ್ಲಿ ಮಕ್ಕಳನ್ನು ಪಳಗಿಸುವ ಆ ಕಾರ್ಯಕರ್ತೆಯರ ಗೌರವಧನವು ಬಹಳ ದೊಡ್ಡದೇನಲ್ಲ. ಕಾಣಿಕೆಯ ಭಾರವು ಅವರ ಕೈಚೀಲದ ಮೇಲೆ ಬೀಳಕೂಡದೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ನಾಲ್ಕು ವರುಷಗಳ ಹಿಂದೆ, ನಮ್ಮ ಮನೆಗೆ ಸಮೀಪದ ಅಂಗನವಾಡಿಯ ಕಾರ್ಯಕರ್ತೆಯು, ಹಿಂದೆ ನಮ್ಮಲ್ಲಿಯೇ ಓದಿದವಳು, ಒಂದು ಸಂಜೆ ಬಂದು, “ಮೇಷ್ಟ್ರೇ, ಈ ವರ್ಷ ಎಂಟು ಮಕ್ಕಳು ಒಂದನೇ ಕ್ಲಾಸಿಗೆ ಹೋಗ್ತವೆ. ಏನಾದ್ರೂ ಕೈಯಲ್ಲೇ ಮಾಡಿ ಕೊಡೋಣ ಅಂತ. ನೀವೂ ಬಂದು ಸ್ವಲ್ಪ ಹೇಳ್ಕೊಡಿ” ಎಂದಳು. ನಿವೃತ್ತನಾದ ಉಪಾಧ್ಯಾಯನಿಗೆ ಇದಕ್ಕಿಂತ ಸವಿಯಾದ ಕರೆ ಯಾವುದು? ಕೂಡಲೆ ಹೊರಟೆವು. ಮುಂದೆ ನಾವು ಮಾಡಿದ ತಪ್ಪುಗಳ ಕಥೆಯೇ ಈ ಲೇಖನದ ಅರ್ಧವಾಗಿದೆ.

ಮೊದಲನೆಯ ವರುಷ ನಮ್ಮ ಮನಸ್ಸಿಗೆ ಹೊಳೆದದ್ದು ಗುಲಗಂಜಿ. ಬೇಲಿಯಲ್ಲಿ ಬೇಕಾದಷ್ಟು ಸಿಕ್ಕುವುದು. ಕೆಂಪು ಮೈ, ಕರಿಯ ಕಣ್ಣು. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನದೊಡನೆ ತೂಗಿದ ಗೌರವ ಬೇರೆ. ದೊಡ್ಡ ಹುಡುಗಿಯರ ಕೈಯಲ್ಲಿ ತೂತು ಮಾಡಿಸಿ ಎಂಟು ಸರಗಳನ್ನು ಪೋಣಿಸಿದೆವು. ಕೊಡುವುದಕ್ಕೆ ಎರಡು ದಿನ ಮುಂಚೆ ಪರಿಚಯದ ವೈದ್ಯರೊಬ್ಬರು ಆ ಕಡೆ ಬಂದವರು, ಗೋಡೆಗೆ ತೂಗಹಾಕಿದ್ದ ಸರಗಳನ್ನು ನೋಡಿ ಗಾಬರಿಯಿಂದ ಎಲ್ಲವನ್ನೂ ಕೆಳಗಿಳಿಸಿದರು. ಗುಲಗಂಜಿಯ ಸಿಪ್ಪೆ ಗಟ್ಟಿಯಾದುದರಿಂದ ಇಡಿಯ ಬೀಜವನ್ನು ನುಂಗಿದರೆ ಅದು ಕೆಲವು ವೇಳೆ ಹಾಗೆಯೇ ಹೊರಬಿದ್ದೀತು. ಆದರೆ ಕಚ್ಚಿ ಅಗಿದರೆ, ಅಥವಾ ತೂತು ಮಾಡಿ ಸಿಪ್ಪೆಯನ್ನು ಒಡೆದಿದ್ದರೆ, ಒಳಗಿನ ವಿಷವು ಹೊಟ್ಟೆಗೆ ಸೇರುವುದು. ಒಂದೆರಡು ಬೀಜಗಳೇ ಮಗುವಿನ ಪ್ರಾಣಕ್ಕೆ ಮುಳುವಾಗಬಲ್ಲುವು. ನಾವು ಮಾಡಿಸಿದ್ದು ಅದನ್ನೇ, ಪ್ರತಿಯೊಂದಕ್ಕೂ ತೂತು! ಆಯುರ್ವೇದವು ಗುಂಜೆಯನ್ನು ಉಪವಿಷಗಳ ಸಾಲಿನಲ್ಲಿ ಎಣಿಸಿದೆಯೆಂಬುದನ್ನು ಓದಿದ್ದೆವು. ಓದಿದ್ದು ಪುಸ್ತಕದಲ್ಲಿ ಉಳಿದು, ಬೀಜವು ಮಕ್ಕಳ ಕೊರಳಿಗೆ ಬರುವುದರಲ್ಲಿದ್ದಿತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಆದುದರಿಂದ ಗೃಹಿಣಿಯರು ದಯವಿಟ್ಟು ಗಮನಿಸಬೇಕು: ಗುಲಗಂಜಿಯೂ ಹರಳುಬೀಜವೂ ಮಕ್ಕಳ ಯಾವ ಕಾಣಿಕೆಯಲ್ಲಿಯೂ ಇರಕೂಡದು. ಮೈಯೆಲ್ಲ ಒಂದೇ ಕೆಂಪಾಗಿ, ಕರಿಯ ಕಣ್ಣಿಲ್ಲದೆ, ಸ್ವಲ್ಪ ದಪ್ಪನಾಗಿರುವ ಮಂಜೊಟ್ಟಿ ಬೇರೆ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ ಐವತ್ತಾರು ಕಾಳುಗಳನ್ನಿಟ್ಟು ನಮ್ಮ ಅಜ್ಜಿಯರು ಆಡುತ್ತಿದ್ದುದು ಇದರಿಂದಲೇ. ಅದಾದರೂ ಮೂಗಿಗೆ, ಕಿವಿಗೆ, ಗಂಟಲಿಗೆ ಸೇರುವ ಗಾತ್ರದ್ದೇ. ಮನೆಯಲ್ಲಿ ಮೂರು ವರುಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಬೀಜಗಳ ಗೊಡವೆಯೇ ಬೇಡ.

ಎರಡನೆಯ ವರುಷ ಹುಷಾರಾದೆವು, ಕಾಗದಕ್ಕೆ ಶರಣುಹೋದೆವು. ಮಕ್ಕಳ ಅಂಗೈಯನ್ನು ಬಣ್ಣದಲ್ಲಿ ಅದ್ದಿ ಒತ್ತಿಸಿ, ಕೆಳಗೆ ಮುದ್ದಾದ ಅಕ್ಷರಗಳಲ್ಲಿ ಹೆಸರು ಬರೆದು, ಗಾಜಿನ ಚೌಕಟ್ಟು ಹಾಕಿಸಿ ಕೊಟ್ಟೆವು. ನೋಡುವುದಕ್ಕೆ ಬಹಳ ಚೆನ್ನಾಗಿದ್ದಿತು. ಆದರೆ ಮಲೆನಾಡಿನ ಆಷಾಢ ಶ್ರಾವಣಗಳು ಕಾಗದಕ್ಕೆ ಎಂತಹ ವೈರಿಗಳೆಂಬುದನ್ನು ಈ ಕಡೆಯವರಿಗೆ ಹೇಳಬೇಕಾದುದಿಲ್ಲ. ದೀಪಾವಳಿಯ ಹೊತ್ತಿಗೆ ಎಂಟರಲ್ಲಿ ಐದು ಅಂಗೈಗಳ ಮೇಲೆ ಬೂಷ್ಟು ಬೆಳೆದಿದ್ದಿತು. ಒಂದರಲ್ಲಿ ಬೆಳ್ಳಿಹುಳುವು ಹೆಬ್ಬೆರಳನ್ನೇ ತಿಂದುಹಾಕಿದ್ದಿತು.

ಮೂರನೆಯ ವರುಷ ಕಾಳಿದಾಸನು ನಮ್ಮನ್ನು ಕೆಡಿಸಿದನೆಂದು ಹೇಳಬೇಕು. ಶಾಕುಂತಲದ ಏಳನೆಯ ಅಂಕದಲ್ಲಿ, ಸಿಂಹದ ಮರಿಯ ಹಲ್ಲೆಣಿಸಲು ಹಟಹಿಡಿದ ಸರ್ವದಮನನನ್ನು ಬಿಡಿಸುವುದಕ್ಕಾಗಿ ತಾಪಸಿಯು ತನ್ನ ಎಲೆಮನೆಯಿಂದ ಬಣ್ಣ ಬಳಿದ ಮಣ್ಣಿನ ನವಿಲೊಂದನ್ನು ತರಿಸುವಳಷ್ಟೆ. ಆ ನವಿಲು ಮಾರ್ಕಂಡೇಯನೆಂಬ ಋಷಿಕುಮಾರನದೆಂದು ಕವಿಯು ಹೆಸರು ಹಿಡಿದು ಹೇಳಿದ್ದಾನೆ. ಚಕ್ರವರ್ತಿಯಾಗತಕ್ಕ ಕೂಸಿಗೆ ಆಶ್ರಮದ ಹುಡುಗನೊಬ್ಬನ ಮಣ್ಣಿನ ಬೊಂಬೆ! ಆ ಸನ್ನಿವೇಶವನ್ನು ಮೂವತ್ತು ವರುಷ ಪಾಠ ಹೇಳಿದ ನಮಗೆ ಅದಕ್ಕಿಂತ ಮೇಲಾದ ಕಾಣಿಕೆಯೇ ತೋರಲಿಲ್ಲ. ಮಕ್ಕಳೇ ಜೇಡಿಮಣ್ಣನ್ನು ತಟ್ಟಿದರು. ನವಿಲುಗಳಲ್ಲಿ ಕೆಲವು ಕೋಳಿಗಳಾದುವು, ಒಂದು ನಿಸ್ಸಂದೇಹವಾಗಿ ಆಮೆಯಾಯಿತು. ಸುಡಿಸಿ, ಬಣ್ಣ ಹಚ್ಚಿ, ಸಾಲಾಗಿ ಇಟ್ಟೆವು.

ಬೀಳ್ಕೊಡುವ ಸಭೆಯು ಏಪ್ರಿಲ್ ತಿಂಗಳಿಗೆ ಗೊತ್ತಾಗಿದ್ದಿತು. ಆದರೆ ಮಾರ್ಚಿಯಲ್ಲಿಯೇ ಒಂದು ಮುಂಜಾನೆ, ಬಳ್ಳಾರಿಯ ಕಡೆಯಿಂದ ಕಾಫಿ ಕೊಯ್ಲಿಗೆ ಬಂದಿದ್ದ ತಾಯಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ರೊಬಸ್ಟಾ ಕೊಯ್ದು ಮುಗಿದಿದ್ದಿತು, ಊರಿಗೆ ಹೊರಟಿದ್ದರು. ಕಾರ್ಯಕರ್ತೆಯು ಆತುರಾತುರವಾಗಿ ಹುಡುಗಿಯ ನವಿಲನ್ನು ತೆಗೆದು ಅವಳ ಕೈಯಲ್ಲಿಟ್ಟಳು. ತಾಯಿಯು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಭಾಳ ಚಂದ ಐತ್ರಿ ಅಕ್ಕಾರ. ಆದ್ರ ಎಲ್ಲಿ ಇಡ್ಲಿ ಇದನ್ನ? ಇರೂದು ಒಂದು ಟ್ರಂಕು, ಒಂದು ಚೀಲ. ಊರು ಮುಟ್ಟೂದ್ರಾಗ ಪುಡಿ ಆಗತೈತಿ” ಎಂದು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಮಗಳು ಅಳಲಿಲ್ಲ, ಅತ್ತಿದ್ದರೆ ನಮಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೊಸಲು ದಾಟುವಾಗ ಒಮ್ಮೆ ಹಿಂತಿರುಗಿ ನವಿಲನ್ನು ನೋಡಿ, ತಾಯಿಯ ಹಿಂದೆ ಹೊರಟುಹೋದಳು.

ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ವಿವರಿಸಬೇಕು. ನಮ್ಮ ತೋಟಗಳ ಕೊಯ್ಲಿಗೆ ಕರ್ನಾಟಕದ ಬಯಲುಸೀಮೆಯಿಂದಲೂ ತಮಿಳುನಾಡಿನಿಂದಲೂ ಬರುವ ಕುಟುಂಬಗಳ ಜೊತೆಗೆ, ಇತ್ತೀಚಿನ ವರುಷಗಳಲ್ಲಿ ಅಸ್ಸಾಮಿನಿಂದಲೂ ಬಂಗಾಳದಿಂದಲೂ ಬರುವವರು ಸೇರಿದ್ದಾರೆ. ಅರೇಬಿಕಾ ಹಣ್ಣಾಗುವ ನವೆಂಬರಿನಿಂದ ರೊಬಸ್ಟಾ ಮುಗಿಯುವ ಫೆಬ್ರವರಿ ಮಾರ್ಚಿಯವರೆಗೆ ಇದ್ದು ಹಿಂದಿರುಗುವರು. ಹೆಂಗಸರು ಹೆಚ್ಚಾಗಿ ದುಡಿಯುವ ತೋಟಗಳಲ್ಲಿ ಶಿಶುಗೃಹವಿರತಕ್ಕದ್ದೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ವಿಧಿಸಿದ್ದಿತು. ಲೈನುಮನೆಗಳ ಮಕ್ಕಳು ಅಂಗನವಾಡಿಗಳಿಗೂ ಬರುವರು. ಅಂದರೆ, ಸಭೆ ನಡೆದು, ಹಾಡು ಹೇಳಿ, ಕಾಣಿಕೆ ಕೊಡುವ ಹೊತ್ತಿಗೆ ಈ ಮಕ್ಕಳು ಇಲ್ಲಿ ಇರುವುದೇ ಇಲ್ಲ. ಉಳಿದ ಮಕ್ಕಳಿಗಾದರೋ ಕಾಣಿಕೆ ಒಡೆದರೂ ಅಂಗನವಾಡಿಯ ಗೋಡೆಯಿದೆ, ಊರಿದೆ, ದಾರಿಯಲ್ಲಿ ಸಿಕ್ಕಿ ಕೆನ್ನೆ ಹಿಂಡುವ ಟೀಚರಿದ್ದಾಳೆ. ಜ್ಞಾಪಕಾರ್ಥವಾದ ವಸ್ತು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ನಾವು ಮೂರು ವರುಷ ಏನನ್ನೂ ಕೊಟ್ಟಿರಲಿಲ್ಲ. ಕೊಡಹೋದದ್ದನ್ನು ಅವರು ಒಯ್ಯುವ ಹಾಗಿರಲಿಲ್ಲ.

ದಾರಿಯನ್ನು ತೋರಿಸಿದವಳು ಅಂಗನವಾಡಿಯ ಸಹಾಯಕಿ. ಅಡಿಗೆ ಮಾಡಿ, ಕಸ ಗುಡಿಸಿ, ಮಕ್ಕಳ ಕೈತೊಳೆಯುವ ಹೆಂಗಸು. ಮೂರು ವರುಷವೂ ನಮ್ಮ ಉಪನ್ಯಾಸಗಳನ್ನು ಬಾಗಿಲ ಬಳಿ ನಿಂತು ಕೇಳಿದವಳು. “ಅಳತೆ ದಾರ ಕೊಟ್ರೆ ಆಗುತ್ತಲ್ಲ ಟೀಚರ್? ನಮ್ಮಜ್ಜಿ ಎಲ್ಲಾ ಮೊಮ್ಮಕ್ಕಳದ್ದೂ ದಾರ ಅಳೆದು ಕಟ್ಟಿ ಇಟ್ಟಿದ್ರು. ನನ್ನ ಮದುವೇಲಿ ನನ್ನ ದಾರ ಬಿಚ್ಚಿ ತೋರ್ಸಿದ್ರು, ಸೊಂಟಕ್ಕೂ ಬರ್ಲಿಲ್ಲ” ಎಂದಳು. ಮಗುವು ಎಷ್ಟು ಎತ್ತರವಿದೆಯೋ ಅಷ್ಟೇ ಉದ್ದದ ನೂಲು. ಅದನ್ನು ಉಂಡೆ ಸುತ್ತಿ ಕೊಡುವುದು. ಇಷ್ಟೇ ಅವಳ ಸಲಹೆ. ಫ್ರೋಬೆಲನ ಮೊದಲನೆಯ ಕಾಣಿಕೆಯು ನೂಲಿನ ಚೆಂಡಾಗಿದ್ದುದು ನೆನಪಾಗಿ ನಮಗೆ ಮೈ ಜುಮ್ಮೆಂದಿತು. ಮತ್ತೊಂದು ನೆನಪೂ ಬಂದಿತು. ಉಪನಯನದಲ್ಲಿ ವಟುವಿಗೆ ಆಚಾರ್ಯನು ಕೊಡುವ ದಂಡವನ್ನು ಆ ಹುಡುಗನ ಮೈಯಳತೆಗೇ ಕತ್ತರಿಸಬೇಕೆಂದು ಶಾಸ್ತ್ರ. ತಲೆಗೂದಲಿನವರೆಗೆ, ಹಣೆಯವರೆಗೆ, ಮೂಗಿನವರೆಗೆ ಎಂದು ವರ್ಣಕ್ಕೊಂದು ಅಳತೆಯನ್ನೂ ಹೇಳಿದ್ದಾರೆ. ಓದಿಗೆ ಹೊರಟ ಮಗುವಿಗೆ ಅದರ ಎತ್ತರದ ವಸ್ತುವನ್ನು ಕೊಡುವ ಪದ್ಧತಿಯು ಹೊಸದಲ್ಲ. ಆದರೆ ಆ ದಂಡವು ಕೆಲವರಿಗೆ ಮಾತ್ರ, ಅದೂ ಗಂಡುಮಕ್ಕಳಿಗೆ ಮಾತ್ರ. ಸಹಾಯಕಿಯ ಅಜ್ಜಿಯ ದಾರಕ್ಕೆ ಆ ಭೇದವಿಲ್ಲ.

ಇದನ್ನು ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ದಪ್ಪನೆಯ ಹತ್ತಿಯ ಹುರಿಯನ್ನು ತೆಗೆದುಕೊಂಡು ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಒಣಗಿಸತಕ್ಕದ್ದು. ಹಾಗೆ ಮಾಡದಿದ್ದರೆ ಮುಂದೆ ಎಂದಾದರೂ ನೆನೆದಾಗ ಹುರಿಯು ಕುಗ್ಗಿ, ಮಗುವು ಹುಟ್ಟಾ ಕುಳ್ಳನೆಂದು ಮೊಮ್ಮಕ್ಕಳು ತಿಳಿದಾರು. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಪುಸ್ತಕವನ್ನು ಮಟ್ಟಸವಾಗಿಟ್ಟು, ಅದು ಗೋಡೆಗೆ ತಾಗುವೆಡೆಯಲ್ಲಿ ಗುರುತು ಹಾಕಬೇಕು. ನೆಲದಿಂದ ಗುರುತಿನವರೆಗೆ ಹುರಿಯನ್ನು ಹಿಡಿದು, ಪಾದದ ಕಡೆ ಒಂದು ಗಂಟು, ನೆತ್ತಿಯ ಕಡೆ ಬಣ್ಣದ ನೂಲಿನ ಒಂದು ಕುಚ್ಚು. ಕುಚ್ಚಿನ ಬಣ್ಣವನ್ನು ಮಗುವೇ ಆರಿಸಲಿ. ಕುಚ್ಚನ್ನು ಮಗುವೇ ಕಟ್ಟಲಿ, ಸೊಟ್ಟಗಾದರೂ ಚಿಂತೆಯಿಲ್ಲ. ಐದು ತುಂಬಿದ ಮಗುವಿನ ಎತ್ತರವು ಸಾಮಾನ್ಯವಾಗಿ 110 ಸೆಂಟಿಮೀಟರುಗಳ ಆಸುಪಾಸಿನಲ್ಲಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯು ಹೇಳುವುದು, ಎಂದರೆ ಎರಡೂವರೆ ಮೊಳಕ್ಕೆ ತುಸು ಕಡಮೆ. ಇಷ್ಟು ಹುರಿಯನ್ನು ಸುತ್ತಿದರೆ ನಿಂಬೆಹಣ್ಣಿನಷ್ಟು ಉಂಡೆಯೂ ಆಗದು; ಆದುದರಿಂದ ನಡುವೆ ತಾಯಿಯ ಹಳೆಯ ಸೀರೆಯ ಚೂರುಗಳನ್ನು ಮುದ್ದೆಮಾಡಿ ಇಟ್ಟು ಅದರ ಮೇಲೆ ಸುತ್ತಬೇಕು. ಮೇಲೊಂದು ಬಟ್ಟೆಯ ಚೀಲ ಹೊಲಿದು, ಅದರ ಮೇಲೆ ಮಗುವಿನ ಹೆಸರು, ಊರು, ದಿನ ಇವುಗಳನ್ನು ಸೂಜಿದಾರದಿಂದಲೇ ಎತ್ತಿದರೆ ಆಯಿತು. ಮಸಿಯಲ್ಲಿ ಬರೆದದ್ದು ಮಳೆಗೆ ನಿಲ್ಲದು. ಕನ್ನಡ ಬಾರದ ಮನೆಯ ಮಗುವಾದರೆ ಅವರ ಲಿಪಿಯಲ್ಲಿ ಹೆಸರನ್ನು ತಂದೆಯಿಂದಲೋ ತಾಯಿಯಿಂದಲೋ ಬರೆಯಿಸಿಕೊಂಡು ಅದರ ಮೇಲೆ ಹೊಲಿಯಬಹುದು. ಬರೆಯಬಲ್ಲವರು ಇಲ್ಲದಿದ್ದರೂ ದಾರವು ತನ್ನ ಮಾತನ್ನು ತಾನೇ ಆಡುವುದು.

ಒಂದು ಎಚ್ಚರಿಕೆ. ಉದ್ದನೆಯ ಹುರಿಯು ಮಕ್ಕಳ ಆಟಕ್ಕೆ ತಕ್ಕದ್ದಲ್ಲ. ಕೊರಳಿಗೆ ಸುತ್ತಿಕೊಂಡರೆ ಅಪಾಯ. ಆದುದರಿಂದ ಚೀಲದ ಬಾಯನ್ನು ಹೊಲಿದೇ ತಾಯಿಯ ಕೈಗೆ ಕೊಡತಕ್ಕದ್ದು. ಇದು ಆಡಿ ಸವೆಯಿಸುವ ಸಾಮಾನಲ್ಲ, ಇಟ್ಟುಕೊಳ್ಳುವ ಸಾಮಾನು. ಅಂಗನವಾಡಿಯಲ್ಲಿ ಎತ್ತರವನ್ನೂ ತೂಕವನ್ನೂ ಹೇಗೂ ಅಳೆಯುತ್ತಲೇ ಇರುವರು. ಪೋಷಣ್ ಅಭಿಯಾನವು 2018ರಲ್ಲಿ ಬಂದ ಮೇಲೆ, ಅದರಲ್ಲಿಯೂ 2021ರಿಂದ, ಆ ಅಂಕೆಗಳೆಲ್ಲ ಕಾರ್ಯಕರ್ತೆಯ ಮೊಬೈಲಿಗೆ ಸೇರುವುವು. ಅಂಕೆಯು ಸರಕಾರಕ್ಕೆ ಹೋಗಲಿ. ಅದರ ಜೊತೆಗೇ ಒಂದು ದಾರವು ತಾಯಿಗೆ ಹೋಗುವುದಕ್ಕೆ ಎರಡು ನಿಮಿಷದ ಹೆಚ್ಚಿನ ಕೆಲಸ.

ಮಗುವು ಕೂಡಲೆ ಬಳಸುವಂತಹುದೂ ಏನಾದರೂ ಬೇಕೆನ್ನುವ ಮನೆಗಳಿಗೆ ಕಡತವನ್ನು ಸೂಚಿಸುತ್ತೇವೆ. ಹೆಸರು ಈಗ ಕಚೇರಿಯ ಕಾಗದದ ಕಟ್ಟುಗಳಿಗೆ ಅಂಟಿಕೊಂಡಿದ್ದರೂ, ಕಡತವೆಂದರೆ ಮೊದಲಿಗೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ನಮ್ಮ ಜಿಲ್ಲೆಯ ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಉಳಿದುಬಂದು ಇತಿಹಾಸಕಾರರಿಗೆ ಬಹಳ ಉಪಯೋಗವಾಗಿವೆ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಶಾರದೆಯ ಸನ್ನಿಧಿಗೆ ಹೋಗುವವರು ಆ ಊರಿನಲ್ಲಿ ಬಟ್ಟೆಯ ಮೇಲೂ ಇಷ್ಟು ಅಕ್ಷರಗಳಿವೆಯೆಂಬುದನ್ನು ನೆನೆಯಬಹುದು.

ಮನೆಯಲ್ಲಿ ಮಾಡುವ ಬಗೆ: ಹುಣಿಸೆಬೀಜವನ್ನು ಹುರಿದು, ಸಿಪ್ಪೆ ಕುಟ್ಟಿ ತೆಗೆದು, ರಾತ್ರಿ ನೆನೆಯಿಟ್ಟು, ನುಣ್ಣಗೆ ರುಬ್ಬಿ, ನೀರಿನಲ್ಲಿ ತೊಳಸುತ್ತ ಗಂಜಿಯ ಹದಕ್ಕೆ ಕುದಿಸಬೇಕು. ಒಲೆಯ ಇದ್ದಲನ್ನು ಪುಡಿಮಾಡಿ ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಅದಕ್ಕೆ ಬೆರೆಸಬೇಕು. ಗೇಣಗಲ, ಎರಡು ಮೊಳ ಉದ್ದದ ಹಳೆಯ ದಪ್ಪ ಪಂಚೆಯ ತುಂಡಿಗೆ ಎರಡೂ ಕಡೆ ಬಳಿದು, ಒಣಗಿಸಿ, ಮತ್ತೆ ಬಳಿದು, ಹೀಗೆ ಮೂರು ಸಲವಾದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿದರೆ ಸ್ಲೇಟಿನಂತೆ ನಯವಾಗುವುದು. ಮಡಿಸಿ, ಎರಡು ತುದಿಗೂ ತೆಳ್ಳನೆಯ ಹಲಗೆಯ ಚೂರನ್ನು ಅಂಟಿಸಿದರೆ ಕಡತವಾಯಿತು. ನಮ್ಮ ಮೊದಲನೆಯ ಪ್ರಯತ್ನದಲ್ಲಿ ಸರಿಯು ತೆಳ್ಳಗಾಗಿ ಮಕ್ಕಳ ಕೈ ಮುಖಗಳೆಲ್ಲ ಕಪ್ಪಾದುವು. ಗಟ್ಟಿಯಾದ ಸರಿಯೇ ಲೇಸು. ಇದೂ ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಇರದು. ಒಲೆಯ ಮೇಲಿನ ಅಟ್ಟವಿದ್ದ ಮನೆಗಳಲ್ಲಿ ಹೊಗೆಯೇ ಕಾಪಾಡುತ್ತಿದ್ದಿತು. ಗ್ಯಾಸಿನ ಒಲೆಯ ಮನೆಗಳವರು ಒಂದೆರಡು ತುಂಡು ಬಜೆಯನ್ನೂ ಒಂದು ಹಿಡಿ ಕಾಳುಮೆಣಸನ್ನೂ ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟು, ಬಿಸಿಲು ಬಿದ್ದ ದಿನ ಹೊರಗೆ ಹರವಬೇಕು.

ತೋಟವುಳ್ಳವರಿಗೆ ಮತ್ತೊಂದು ಅನುಕೂಲವಿದೆ. ಹಳೆಯ ಕಾಫಿ ಗಿಡಗಳನ್ನು ಕಿತ್ತು ಹೊಸದನ್ನು ನೆಡುವಾಗ ಬುಡದ ಕಾಂಡಗಳು ಸೌದೆಯ ರಾಶಿಗೆ ಬೀಳುವುವು. ಕಾಫಿಯ ಕಟ್ಟಿಗೆಯು ಗಟ್ಟಿ, ತಿಳಿಬಣ್ಣ, ಒತ್ತಾದ ಎಳೆಯುಳ್ಳದ್ದು. ಊರುಗೋಲಿಗೂ ಸಣ್ಣ ಮೇಜಿನ ಕಾಲಿಗೂ ಬಳಸುವರು. ಅದನ್ನು ನೆರಳಿನಲ್ಲಿಟ್ಟು ನಾಲ್ಕಾರು ತಿಂಗಳು ನಿಧಾನವಾಗಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುವುದು. ಎರಡಂಗುಲಕ್ಕೆ ಕಡಮೆಯಿಲ್ಲದ ಅಗಲದ ಬಿಲ್ಲೆಗಳನ್ನು ಗರಗಸದಿಂದ ಕುಯ್ದು, ಮರಳುಕಾಗದದಿಂದ ಅಂಚನ್ನು ಸವರಿ, ಕಾದ ತಂತಿಯಿಂದ ಒಂದೊಂದಕ್ಕೆ ಒಂದೊಂದು ಅಕ್ಷರವನ್ನು ಬರೆದು, ಜೇನುಮೇಣ ಉಜ್ಜಿದರೆ, ಮಗುವು ತನ್ನ ಹೆಸರನ್ನು ಜೋಡಿಸುವ ಆಟವಾಗುವುದು. ಅಕ್ಷರ ಬರೆಯುವ ಕೆಲಸ ದೊಡ್ಡವರದು. ಮನೆಯ ಮೂಲೆಯಲ್ಲಿ ಉಳಿದ ಬಾಗಿಲಬಣ್ಣದ ಡಬ್ಬಿಯನ್ನು ಮಾತ್ರ ಇದಕ್ಕೆ ತೆರೆಯಕೂಡದು. ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಆದದ್ದು 2016ರಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯೊಳಗೆ ಏನಿದೆಯೆಂದು ಯಾರು ಕಂಡರು? ಬಣ್ಣವಿರಲೇಬೇಕೆಂದರೆ ಚನ್ನಪಟ್ಟಣದ ಕುಶಲಿಗಳು ಅರಗಿಗೆ ಬಣ್ಣ ಬೆರೆಸಿ ಚರಕಿಯ ಮೇಲೆ ಮಾಡುವ ಬೊಂಬೆಯನ್ನು ಕೊಂಡುಕೊಡಬಹುದು. ಅದೂ ಕೈಯಿಂದ ಮಾಡಿದ್ದೇ, ಆದರೆ ಮಗುವಿನ ಪರಿಚಯದ ಕೈಯಿಂದಲ್ಲ.

ಜರ್ಮನಿಯಲ್ಲಿ ಮೊದಲ ತರಗತಿಗೆ ಹೋಗುವ ದಿನ ಪ್ರತಿಯೊಂದು ಮಗುವಿಗೂ ಕಾಗದದ ದೊಡ್ಡ ಕೊಳವಿಯೊಂದರಲ್ಲಿ ಮಿಠಾಯಿ, ಬಣ್ಣದ ಕಡ್ಡಿ ಮೊದಲಾದುವನ್ನು ತುಂಬಿ ಕೊಡುವರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಸ್ಯಾಕ್ಸನಿ, ಥ್ಯೂರಿಂಜಿಯಗಳಲ್ಲಿ ಹುಟ್ಟಿದ ಈ ರೂಢಿಯು ಇಂದಿಗೂ ಇದೆ. ಕೊಳವಿಯನ್ನು ಎಷ್ಟೋ ಮನೆಗಳಲ್ಲಿ ಕೈಯಾರೆ ಮಾಡುವರು. ನಮ್ಮಲ್ಲಿ ಅಡಿಕೆಯ ಹಾಳೆಯನ್ನು ಹಾಗೆಯೇ ಸುತ್ತಿ ಹೊಲಿಯಲು ಅಡ್ಡಿಯೇನು? ಒಳಗೆ ಎರಡು ಬಳಪ, ಒಂದು ಕಡತ, ನಾಲ್ಕು ಕೊಬ್ಬರಿಮಿಠಾಯಿ ಇಟ್ಟರೆ ಯಾವ ಜರ್ಮನಿಗೂ ಕಡಮೆಯಾಗದು.

ಕೊಡುವಾಗ ತಾರತಮ್ಯ ಬೇಡವೆಂಬುದನ್ನು ಮೃಚ್ಛಕಟಿಕವನ್ನು ಓದಿದವರಿಗೆ ಹೇಳಬೇಕಾದುದಿಲ್ಲ. ಚಾರುದತ್ತನ ಮಗನಾದ ರೋಹಸೇನನಿಗೆ ರದನಿಕೆಯು ಮಣ್ಣಿನ ಬಂಡಿಯನ್ನು ಮಾಡಿಕೊಟ್ಟರೂ ಅವನ ಅಳು ನಿಲ್ಲದು. ಏಕೆಂದರೆ ನೆರೆಮನೆಯ ಹುಡುಗನ ಬಂಡಿಯು ಚಿನ್ನದ್ದು. ಮಣ್ಣಿನ ಬಂಡಿಯಲ್ಲಿ ದೋಷವೇನೂ ಇರಲಿಲ್ಲ. ಒಂದೇ ಚಾಪೆಯ ಮೇಲೆ ಕುಳಿತು ಉಂಡ ಮಕ್ಕಳಲ್ಲಿ ಸಾಹುಕಾರರ ಮಗುವಿಗೊಂದು, ಲೈನುಮನೆಯ ಮಗುವಿಗೊಂದು ಎಂದಾದರೆ ಕೊಡದಿರುವುದೇ ಮೇಲು. ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಈ ವಿಚಾರವು ಬಂದಾಗ ಒಬ್ಬಿಬ್ಬರು, ‘ದಾರವನ್ನು ಯಾರು ಕಾಣಿಕೆಯೆನ್ನುವರು, ನಾವು ಹಣ ಕೊಡುತ್ತೇವೆ, ಬ್ಯಾಗು ತರಿಸಿ’ ಎಂದರು. ಬ್ಯಾಗನ್ನೂ ತರಿಸಿದೆವು, ಎಲ್ಲರಿಗೂ ಒಂದೇ ಬಗೆಯದು. ಉಪಯೋಗವಾಗುವ ವಸ್ತುವನ್ನು ಬೇಡವೆನ್ನುವಷ್ಟು ವೈರಾಗ್ಯವು ನಮಗಿಲ್ಲ. ದಾರವನ್ನೂ ಬಿಡಲಿಲ್ಲ.

ದಾರವನ್ನು ಏಪ್ರಿಲಿನವರೆಗೆ ಕಾಯದೆ ಸಂಕ್ರಾಂತಿಯ ಹೊತ್ತಿಗೇ ಅಳೆದಿಡುವುದೆಂದು ಈ ವರುಷ ನಿಶ್ಚಯಿಸಿದ್ದೆವು. ಲೈನಿನ ಆರು ಮಕ್ಕಳ ಚೀಲಗಳು ಫೆಬ್ರವರಿಯಲ್ಲಿಯೇ ಸಿದ್ಧವಾದುವು. ಆದರೆ ಜ್ವರದಿಂದ ಹದಿನೈದು ದಿನ ಬಾರದಿದ್ದ ಅಸ್ಸಾಮಿನ ಹುಡುಗನೊಬ್ಬನು ಲೆಕ್ಕದಿಂದ ತಪ್ಪಿಹೋಗಿದ್ದನು. ಮಾರ್ಚಿಯ ಮೊದಲ ವಾರ ಅವರ ಕುಟುಂಬವು ಹೊರಟಿದೆಯೆಂದು ತಿಳಿದಾಗ ಬಸ್ಸು ಬರುವ ಹೊತ್ತಾಗಿದ್ದಿತು. ಸಹಾಯಕಿಯು ಒಲೆಯ ಮೇಲಿನ ಬೇಳೆಯನ್ನು ಕೆಳಗಿಳಿಸಿ, ಹುರಿಯ ಉಂಡೆಯನ್ನೂ ಕತ್ತರಿಯನ್ನೂ ಹಿಡಿದು ರಸ್ತೆಗೆ ಓಡಿದಳು. ನಾವು ನಮ್ಮ ವಯಸ್ಸಿಗೆ ತಕ್ಕ ವೇಗದಲ್ಲಿ ಹಿಂದೆ ಹೋದೆವು. ಬಸ್ಸು ಬಂದು ನಿಂತಿದ್ದಿತು, ತಂದೆಯು ಟ್ರಂಕನ್ನು ಏರಿಸುತ್ತಿದ್ದನು. ಗೋಡೆಯಿಲ್ಲದುದರಿಂದ ಹುಡುಗನನ್ನು ಬಸ್ಸಿನ ಬಾಗಿಲ ಪಕ್ಕಕ್ಕೇ ಒರಗಿಸಿ ನಿಲ್ಲಿಸಿದಳು. ಪುಸ್ತಕವಿಲ್ಲದುದರಿಂದ ಕಂಡಕ್ಟರನು ತನ್ನ ಟಿಕೆಟ್ಟಿನ ಯಂತ್ರವನ್ನು ನೆತ್ತಿಯ ಮೇಲೆ ಅಡ್ಡಲಾಗಿ ಹಿಡಿದನು. ಡ್ರೈವರನು ಏನೆಂದು ಕೇಳಿ, ತಿಳಿದು, ಎಂಜಿನ್ನನ್ನು ಆರಿಸಿದನು. ಗಂಟು ಹಾಕಿದ್ದಾಯಿತು, ಕುಚ್ಚಿಗೆ ಬಣ್ಣದ ನೂಲಿರಲಿಲ್ಲ. ಹುಡುಗನ ತಾಯಿಯು ತನ್ನ ಸೆರಗಿನ ಅಂಚಿನಿಂದ ಒಂದು ಹಸುರು ಎಳೆಯನ್ನು ಕಿತ್ತು ಕೊಟ್ಟಳು.